ಎದೆಯೊಳಗೆ ಉಳಿದ ಕಡಲಿನ ಗಾಳಿ

ಮೊನ್ನೆ ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವವರೊಬ್ಬರು ಹಾನಗಲ್ಲಿಗೆ, ನಮ್ಮ ಮನೆಗೆ ಬಂದಿದ್ದರು. ಪಡಸಾಲೆಯಲ್ಲಿ ಕೂತು ಭತ್ತದ ಬೆಳೆ, ಬಸ್ಸಿನ ಗದ್ದಲ, ನಮ್ಮ ಶಾಲೆಯ ಹೊಸ ಕೋಣೆ ಎಲ್ಲವನ್ನೂ ವಿಚಾರಿಸಿದರು. ಚಹಾ ಮುಗಿದ ಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ದನಿ ಇಳಿಸಿ, “ಮಾಸ್ತರ, ನಮ್ಮ ತಮ್ಮನ ಕಫದಾಗ ಕೆಂಪು ಬೀಳಾಕತ್ತೇತ್ರಿ. ನಿಮಗೂ ಹಂಗ ಆಗಿತ್ತಂತಲ್ಲ. ಹುಬ್ಬಳ್ಳ್ಯಾಗ ಏನ್ ಮಾಡ್ತಾರ್ರಿ?” ಎಂದರು. ನಾನು ಬಸ್ಸಿನ ವೇಳೆ ಹೇಳಿದೆ, ದವಾಖಾನೆಯ ಯಾವ ಬಾಗಿಲಿನಿಂದ ಒಳಗೆ ಹೋಗಬೇಕು ಹೇಳಿದೆ, ಹಾಸಿಗೆಗೆ ಸ್ವಂತ ಚಾದರ ಒಯ್ಯಿರಿ ಎಂದೆ. ಅವರು ಹೋದ ಮೇಲೆ, ಹೇಳಬೇಕಾದದ್ದನ್ನು ಮಾತ್ರ ಬಿಟ್ಟು ಉಳಿದದ್ದೆಲ್ಲ ಹೇಳಿದೆನಲ್ಲ ಅನ್ನಿಸಿತು. ಅದಕ್ಕೇ ಬರೆಯಲು ಕೂತಿದ್ದೇನೆ. ಕೂತಾಗಿನಿಂದ ಮೂರು ಸಲ ಎದ್ದಿದ್ದೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಚಿಂತೆ ಮಾಡಲು ನನಗೆ ಕಾರಣ ಬೇಕಾಗಿಲ್ಲ. ಬಸ್ಸು ಎಂಟಕ್ಕಿದ್ದರೆ ಆರೂವರೆಗೆ ನಿಲ್ದಾಣದಲ್ಲಿರುತ್ತೇನೆ. ಹತ್ತಿ ಕೂತ ಮೇಲೂ ಇದು ನಮ್ಮದೇ ಬಸ್ಸೇ ಎಂದು ಕಂಡಕ್ಟರನನ್ನು ಕೇಳುತ್ತೇನೆ. ಬೀಗ ಹಾಕಿ ಓಣಿ ದಾಟಿದ ಮೇಲೆ ತಿರುಗಿ ಬಂದು ಎಳೆದು ನೋಡುತ್ತೇನೆ. ಇಂಥವನಿಗೆ ಚಿಂತೆ ಕಾಡದ ಜಾಗ ಒಂದೇ ಇತ್ತು, ನೀರು. ನಮ್ಮೂರ ಬಾವಿಗಳಲ್ಲಿ ಕೊಡ ಬಿದ್ದು, ಹಗ್ಗಕ್ಕೆ ಕೊಕ್ಕೆಗಳ ಪಾತಾಳಗರಡಿ ಕಟ್ಟಿ ಜಾಲಾಡಿದರೂ ಸಿಗದಿದ್ದರೆ ಜನ ನನ್ನನ್ನು ಕರೆಯುತ್ತಿದ್ದರು. ಪಂಚೆ ಕಚ್ಚೆ ಕಟ್ಟಿ ಮುಳುಗಿದರೆ ತಳದ ಕೆಸರಿನಲ್ಲಿ ಕೈಯಾಡಿಸಿ ಕೊಡ ಹಿಡಿದೇ ಮೇಲೆ ಬರುತ್ತಿದ್ದೆ. ಕಲಿಸಿದವನು ನಮ್ಮ ಸೋದರಮಾವ. “ನೀರಾಗ ಉಸಿರಂದ್ರ ಗಂಟು. ಮ್ಯಾಲ ಬಂದು ಮುಖಕ್ಕ ಗಾಳಿ ಬಡದ ಮ್ಯಾಲನ ಬಿಚ್ಚಬೇಕು” ಎನ್ನುತ್ತಿದ್ದ. ನಡುವೆ ಬಾಯಿ ಬಿಟ್ಟರೆ ಮೇಲೆ ಬಂದೊಡನೆ ತಲೆಗೊಂದು ಬಿಗಿಯುತ್ತಿದ್ದ. ಹಾಗೆ ಕಲಿತದ್ದು ಮರೆಯುವುದಿಲ್ಲ.

ಒಮ್ಮೆ ತಳದಲ್ಲಿ ಹಳೆಯ ಹಗ್ಗ ಕಾಲಿಗೆ ಸುತ್ತಿಕೊಂಡಿತು. ಹೇಗೋ ಬಿಡಿಸಿಕೊಂಡು ಬಂದೆ, ಆದರೆ ತುಟಿ ನೀಲಿಯಾಗಿತ್ತಂತೆ. ನನ್ನ ಹೆಂಡತಿ ಶಾಂತಾ ಬಾವಿಕಟ್ಟೆಗೇ ಬಂದಳು, ಮೂರು ವರ್ಷದ ಮಗಳು ಸರೋಜಾಳನ್ನು ಸೊಂಟದ ಮೇಲೆ ಹೊತ್ತು. ನನ್ನ ಒದ್ದೆ ಕೈ ಹಿಡಿದು ಮಗುವಿನ ನೆತ್ತಿಯ ಮೇಲಿಟ್ಟು, “ಇನ್ನ ನೀರಿಗೆ ಇಳಿಯಂಗಿಲ್ಲಂತ ಆಣಿ ಮಾಡ್ರಿ” ಎಂದಳು. ಮಾಡಿದೆ. ಮಕ್ಕಳ ತಲೆಯ ಮೇಲೆ ಮಾಡಿದ ಆಣೆ ನಮ್ಮ ಕಡೆ ಬಾಯಿಮಾತಲ್ಲ. ಮುರಿದರೆ ಅದು ಆ ಮಗುವಿಗೇ ತಟ್ಟುತ್ತದೆ ಎನ್ನುತ್ತಾರೆ. ವಿಜ್ಞಾನದ ಮಾಸ್ತರನಾಗಿ ನಾನು ಇದನ್ನು ನಂಬುವುದಿಲ್ಲ. ನಂಬದೆ ಇರುವ ಧೈರ್ಯವೂ ನನಗಿಲ್ಲ.

ಎರಡು ವರ್ಷ ಆ ಆಣೆ ನಡೆಯಿತು. ಆಗ ಮುಂಬಯಿಯಿಂದ ರಘುನಾಥನ ಕಾಗದ ಬಂತು. ಧಾರವಾಡದ ಕಾಲೇಜಿನಲ್ಲಿ ನಾವು ಒಂದೇ ಕೋಣೆಯಲ್ಲಿದ್ದವರು. ಅವನೀಗ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ. ದೀಪಾವಳಿ ಸೂಟಿಯಲ್ಲಿ ಭಟ್ಕಳದ ಕಡೆಯ ನೇತ್ರಾಣಿ ಎಂಬ ಬಂಡೆಗಲ್ಲಿನ ನಡುಗಡ್ಡೆಗೆ ಕಡಲಿನ ಜೀವಿಗಳನ್ನು ನೋಡಲು ಹೋಗುವವನಿದ್ದ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೀರಿನೊಳಗೇ ಉಸಿರಾಡುವ ಸಾಧನ ಸಿಕ್ಕಿದೆಯಂತೆ. ‘ದೋಣಿಯಲ್ಲಿ ಕೂತು ಬರೆದುಕೊಳ್ಳಲು ಒಬ್ಬರು ಬೇಕು, ಬಾ’ ಎಂದು ಬರೆದಿದ್ದ. ಬರೆದುಕೊಳ್ಳಲು ಎಂಬ ಮಾತನ್ನು ನಾನು ಓದಲೇ ಇಲ್ಲ. ನೀರಿನೊಳಗೆ ಉಸಿರಾಡುವ ಮಾತನ್ನು ಹತ್ತು ಸಲ ಓದಿದೆ. ಆಣೆ ಮಾಡಿದ್ದು ಬಾವಿಕಟ್ಟೆಯಲ್ಲಿ, ಆದ್ದರಿಂದ ಅದು ಬಾವಿಗೆ ಮಾತ್ರ ಲಾಗೂ ಆಗುತ್ತದೆ ಎಂದು ನನ್ನೊಳಗೇ ವಕೀಲಿ ಮಾಡಿ, ದಾವೆ ಗೆದ್ದೆ.

ಮನೆಯಲ್ಲಿ ಧಾರವಾಡಕ್ಕೆ ಶಿಕ್ಷಕರ ತರಬೇತಿಗೆಂದು ಹೇಳಿದೆ. ಶಾಂತಾ ಬುತ್ತಿ ಕಟ್ಟಿಕೊಂಡು ನಿಲ್ದಾಣದವರೆಗೂ ಬಂದಳು. ಹೀಗಾಗಿ ಹುಬ್ಬಳ್ಳಿ ಬಸ್ಸನ್ನೇ ಹತ್ತಬೇಕಾಯಿತು. ಶಿಗ್ಗಾವಿಯಲ್ಲಿ ಇಳಿದು, ಶಿರಸಿಗೆ ಹೋಗುವ ಬಸ್ಸು ಹಿಡಿದು, ಅದೇ ದಾರಿಯಲ್ಲಿ ಮತ್ತೆ ಹಾನಗಲ್ಲಿಗೆ ಬಂದೆ. ಹತ್ತು ನಿಮಿಷ ಬಸ್ಸು ನಿಂತಿತು. ನನ್ನೂರಿನ ನಿಲ್ದಾಣದಲ್ಲೇ ಮುಖಕ್ಕೆ ಟವೆಲ್ಲು ಹೊದ್ದು, ಗೊರಕೆಯ ಸದ್ದು ಮಾಡುತ್ತ ಕೂತೆ. ಅಷ್ಟು ಬೆವರಿದ್ದು ನನ್ನ ಮದುವೆಯ ದಿನವೂ ಇಲ್ಲ.

ನೇತ್ರಾಣಿಯಲ್ಲಿ ಮನೆ ಮಠ ಇಲ್ಲ. ಕಡಿದಾದ ಬಂಡೆ, ಹಕ್ಕಿಗಳು, ಹರಕೆಗೆಂದು ಯಾರೋ ಬಿಟ್ಟ ಆಡುಗಳು. ದೋಣಿಯ ಮುದುಕ ನನ್ನ ಹೊಟ್ಟೆ ನೋಡಿ, “ಮಾಸ್ಟ್ರೇ, ನೀವೂ ಇಳೂದಾ?” ಎಂದು ನಕ್ಕ. ಆ ನಗುವೇ ಸಾಕಾಯಿತು. ಬಾವಿಯ ಪರಾಕ್ರಮಗಳನ್ನೆಲ್ಲ ಹೇಳಿ ರಘುನಾಥನ ತಲೆ ತಿಂದೆ. ಮೂರನೆಯ ದಿನ ಅವನು ಒಪ್ಪಿದ. ಸಿಲಿಂಡರು ಕಟ್ಟುತ್ತ, “ಒಂದ ಮಾತು ಲೇ. ಮ್ಯಾಲ ಬರೋವಾಗ ಉಸಿರು ಬಿಟಗೋತ ಬಾ, ಸಾವಕಾಶ. ಹಿಡದಿ ಅಂದ್ರ ಒಳಗಿನ ಗಾಳಿ ಹಿಗ್ಗಿ ಎದಿ ಒಡೀತದ” ಎಂದ.

“ಒತ್ತಡದ ಪಾಠ ನನಗ ಹೇಳ್ತೀಯೇನೋ?” ಎಂದೆ. ಹನ್ನೆರಡು ವರ್ಷಗಳಿಂದ ಒಂಬತ್ತನೆಯ ತರಗತಿಗೆ ಅದನ್ನೇ ಬೋರ್ಡಿನ ಮೇಲೆ ಬರೆಯುತ್ತ ಬಂದವನು.

ಒಳಗೆ ಕಂಡದ್ದನ್ನು ವರ್ಣಿಸಿದರೆ ಶಾಂತಾ ಈಗಲೂ ಎದ್ದು ಹೋಗುತ್ತಾಳೆ. ಒಂದಿಷ್ಟು ಹೇಳುತ್ತೇನೆ. ಬಂಡೆ ನೀರಿನೊಳಗೂ ಗೋಡೆಯಂತೆ ಇಳಿದಿತ್ತು. ಅದರ ಮೈಮೇಲೆ ಹವಳದ ಗಂಟುಗಳು, ನೇರಳೆ ಬಣ್ಣದ ಬೀಸಣಿಗೆಗಳು. ಹಳದಿ ಪಟ್ಟೆಯ ಮೀನುಗಳು ನನ್ನನ್ನು ಲೆಕ್ಕಕ್ಕಿಲ್ಲದಂತೆ ದಾಟಿ ಹೋದವು. ಏಳು ಮಾರು ಆಳದಲ್ಲಿ ಕೂತು ಉಸಿರಾಡುತ್ತಿದ್ದೇನೆ, ಬೀಗ ಹಾಕಿದೆನೋ ಇಲ್ಲವೋ ಎಂದು ನೆನಪಾಗುತ್ತಿಲ್ಲ! ಅಷ್ಟರಲ್ಲಿ, ಮುಖದಿಂದ ಗೇಣು ದೂರದ ಬಿರುಕಿನಿಂದ ತೋಳಿನಷ್ಟು ದಪ್ಪದ ಹಾವಿನಂಥ ಮೀನೊಂದು ತಲೆ ಹೊರಗೆ ಹಾಕಿ ಬಾಯಿ ತೆರೆಯಿತು. ಅದು ಪಾಪ ಉಸಿರಾಡುವುದೇ ಹಾಗಂತೆ. ನನಗೆ ರಘುನಾಥನೂ ನೆನಪಾಗಲಿಲ್ಲ, ಒಂಬತ್ತನೆಯ ತರಗತಿಯೂ ನೆನಪಾಗಲಿಲ್ಲ. ಸೋದರಮಾವನ ಕೈ ನೆನಪಾಯಿತು. ಎದೆ ತುಂಬ ಗಾಳಿ ಎಳೆದು ಗಂಟು ಹಾಕಿ, ಬಾವಿಯ ತಳವನ್ನು ಒದ್ದಂತೆ ಬಂಡೆಯನ್ನು ಒದ್ದು ಒಂದೇ ಏಟಿಗೆ ಮೇಲೆ ಬಂದೆ.

ಎದೆಯೊಳಗೆ ಹೊಸ ಬಟ್ಟೆ ಹರಿದಂತಾಯಿತು. ದೋಣಿಗೆ ಎಳೆದು ಹಾಕಿದ ಮೇಲೆ ಉಗುಳಿದೆ, ಕೆಂಪು. “ಕಾರವಾರದ ದವಾಖಾನಿಗೆ ನಡಿ” ಎಂದು ರಘುನಾಥ ಗೋಗರೆದ. ದವಾಖಾನೆಯೆಂದರೆ ಮನೆಗೆ ತಂತಿ, ತಂತಿಯೆಂದರೆ ಶಾಂತಾ. ನಾಲಗೆ ಕಚ್ಚಿಕೊಂಡೆ ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಘಟ್ಟ ಏರುವಾಗ ಪ್ರತಿ ತಿರುವಿನಲ್ಲೂ ಉಸಿರು ಮೊಟಕಾಗುತ್ತ ಹೋಯಿತು.

ಊರಿಗೆ ಬಂದು ಎರಡು ವಾರ ಮುಚ್ಚಿಟ್ಟೆ. ಕೆಮ್ಮು ಮುಚ್ಚಿಡಲಾಗಲಿಲ್ಲ. ಸಂಜೆಗೆ ಮೈ ಬಿಸಿ, ತೂಕ ಇಳಿಯಿತು, ಬೋರ್ಡಿನ ಮೇಲೆ ಒಂದು ಸಾಲು ಬರೆದರೆ ಮೇಜು ಹಿಡಿದು ನಿಲ್ಲಬೇಕು. ಒಂದು ಬೆಳಿಗ್ಗೆ ಬಚ್ಚಲಲ್ಲಿ ಬಿದ್ದ ಕೆಂಪು ಗೆರೆಯನ್ನು ಶಾಂತಾ ನೋಡಿದಳು. ಗೋಡೆಗೆ ಕೈ ಕೊಟ್ಟು ಕೂತುಬಿಟ್ಟಳು. ಸವಣೂರಿನ ತವರಿನಲ್ಲಿ ಅವಳ ಅಕ್ಕ ಕ್ಷಯದಿಂದ ಹೋದವಳು. ಕಡೆಯ ಆರು ತಿಂಗಳು ಅವಳ ಸೇವೆ ಮಾಡಿದವಳು ಶಾಂತಾಳೇ.

ನಮ್ಮೂರ ಡಾಕ್ಟರು ಎದೆಗೆ ನಳಿಗೆ ಇಟ್ಟು ಕೇಳಿದರು. ಎಡಗಡೆ ಉಸಿರಿನ ಸದ್ದು ಕಡಿಮೆ ಎಂದರು. “ಇತ್ತೀಚಿಗೆ ಏನರ ವಿಶೇಷ?” ಎಂದು ಕೇಳಿದರು. ಶಾಂತಾ ಪಕ್ಕದಲ್ಲೇ ನಿಂತಿದ್ದಳು. “ಏನೂ ಇಲ್ರಿ” ಎಂದೆ. ಇದ್ದ ಲಕ್ಷಣಗಳಿಗೆ ಸರಿಯಾಗಿಯೇ ಅವರು ಕ್ಷಯವೆಂದರು, ದಿನಾ ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್ನು ಶುರು ಮಾಡಿದರು, ಹುಬ್ಬಳ್ಳಿಯಲ್ಲಿ ಎಕ್ಸ್‌ರೇ ತೆಗೆಸಲು ಚೀಟಿ ಕೊಟ್ಟರು. ತಪ್ಪು ಅವರದಲ್ಲ. ನಾನು ಕೊಟ್ಟ ಲೆಕ್ಕಕ್ಕೆ ಬರುವ ಉತ್ತರ ಅದೇ ಆಗಿತ್ತು.

ಮರುದಿನವೇ ಸವಣೂರಿನಿಂದ ಶಾಂತಾಳ ಅಣ್ಣ ಬಂದು ಸರೋಜಾಳನ್ನು ಕರೆದೊಯ್ದ. ಹೊರಡುವಾಗ ಮಗು ನನ್ನ ಕಡೆ ಓಡಿ ಬಂತು. ಶಾಂತಾ ನಡುವೆ ಹಿಡಿದು, “ಅಪ್ಪನ ಹತ್ರ ಹೋಗಬ್ಯಾಡ, ಅಪ್ಪನ ಉಸಿರು ಬಡೀತೈತಿ” ಎಂದಳು. ಬಸ್ಸು ಹೋಗುವವರೆಗೂ ಅವಳು ಅದನ್ನು ಎಷ್ಟು ಸಲ ಹೇಳಿರಬೇಕೋ. ಒಂದು ಮಾತು ಹೇಳಿದ್ದರೆ ಮಗಳು ನಿಲ್ಲುತ್ತಿದ್ದಳು. ಆದರೆ ಅದು, ನಿನ್ನ ಮಗಳ ತಲೆಯ ಮೇಲಿನ ಆಣೆಯನ್ನು ಮೋಜಿಗಾಗಿ ಮುರಿದೆ ಎಂಬ ಮಾತು. ಅದಕ್ಕಿಂತ ಕ್ಷಯವೇ ಮರ್ಯಾದೆಯ ಕಾಯಿಲೆ ಎಂದು ನನಗೆ ತೋರಿತು. ಯಾರಾದರೂ ಇಷ್ಟು ಮೂರ್ಖರಿರಬಹುದೇ ಎಂದು ಓದುವವರು ಕೇಳಬಹುದು. ಇಂಜೆಕ್ಷನ್ನಿನಿಂದ ಕಿವಿ ಗುಂಯ್‌ಗುಡುತ್ತಿದ್ದ ಆ ಇಪ್ಪತ್ತು ದಿನ ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೆ.

ನನ್ನ ತಾಟು, ಲೋಟ, ಹಾಸಿಗೆ ಬೇರೆಯಾದವು. ಅವ್ವ ಮಾತ್ರ ಇದನ್ನೆಲ್ಲ ಒಪ್ಪಲಿಲ್ಲ. “ನನ್ನ ಮಗಗ ಎಂಥಾ ಕ್ಷಯ? ಸಣ್ಣಾಂವಿದ್ದಾಗಿಂದ ಏನರ ತಪ್ಪು ಮಾಡಿದ್ರ ಹಿಂಗ ಸೊರಗತಿದ್ದ” ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ.

ಹುಬ್ಬಳ್ಳಿಯ ದೊಡ್ಡ ದವಾಖಾನೆಯ ಜಗಲಿಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಸರತಿ. ಬೆಂಚಿನ ಮೇಲೆ ನಾವೆಲ್ಲ ಎದೆಯವರು, ಪ್ರತಿಯೊಬ್ಬರ ಕೈಯಲ್ಲೂ ಮಡಚಿದ ಚೀಟಿ. ಯಾರಾದರೂ ಕೆಮ್ಮಿದರೆ ಉಳಿದವರು ತಮ್ಮ ಕೆಮ್ಮಿನ ಜೊತೆ ಹೋಲಿಸಿ ನೋಡುವವರು. ನನ್ನ ಪಕ್ಕ ಕೂತವರು ಹಿರೇಕೆರೂರಿನ ಬಸವಂತಪ್ಪ, ಮೆಣಸಿನಕಾಯಿ ವ್ಯಾಪಾರದವರು. ಎಲುಬು ಎಣಿಸಬಹುದಾದಷ್ಟು ಸೊರಗಿದ್ದರು, ಬಾಯಿ ಮಾತ್ರ ಸೊರಗಿರಲಿಲ್ಲ.

“ಮಾಸ್ತರ, ಮನ್ಯಾಗ ತಾಟು ಬ್ಯಾರೆ ಮಾಡ್ಯಾರೇನ್ರಿ?”

“ಹೂಂ ರೀ.”

“ನಿಮ್ಮದು ವಾಸಿ. ನಾ ಹಾಲು ಹಿಂಡತಿದ್ದೆ ಅಂತ ನಮ್ಮ ಎಮ್ಮೀನೂ ಬ್ಯಾರೆ ಕಟ್ಯಾರ.”

ನಾನು ನಕ್ಕೆ. ಒಂದು ತಿಂಗಳಲ್ಲಿ ಮೊದಲ ಸಲ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಬಸವಂತಪ್ಪ ನನ್ನ ಬೆನ್ನ ಮೇಲೆ ಕೈಯಿಟ್ಟು, ನಿಲ್ಲುವವರೆಗೂ ಸವರುತ್ತ ಕೂತರು. ಅಷ್ಟು ದಿನ ನನ್ನನ್ನು ಅವ್ವನ ಹೊರತು ಯಾರೂ ಮುಟ್ಟಿರಲಿಲ್ಲ.

ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಮಾಸ್ತರ, ಎಡಗಡೆ ಪುಪ್ಪುಸ ಮುದುಡಿ ಮುಷ್ಟಿಯಷ್ಟಾಗೇದ. ಸುತ್ತಲ ಬರೇ ಗಾಳಿ. ಕ್ಷಯದಾಗೂ ಹಿಂಗ ಆಗ್ತದ, ಪೆಟ್ಟು ಬಿದ್ರೂ ಆಗ್ತದ. ಎಲ್ಲೆರ ಬಿದ್ದಿದ್ರೇನು? ಎತ್ತು ಹಾದಿತ್ತೇನು?”

ಉತ್ತರ ಕೊಟ್ಟವಳು ಜೊತೆಗೆ ಬಂದಿದ್ದ ಶಾಂತಾ. “ಎಲ್ಲಿಂದು ಬರ್ತೇತ್ರಿ ಪೆಟ್ಟು? ಧಾರವಾಡಕ್ಕ ತರಬೇತಿಗೆ ಹೋಗಿದ್ರು. ಬೆಂಚಿನ ಮ್ಯಾಲ ಕುಂತು ಬಂದಾರ.”

“ಹಂಗಾದ್ರ ಕ್ಷಯನ ಅಂತ ಹಿಡಕೊಂಡು ಸಾನಿಟೋರಿಯಂಗೆ ಬರದು ಕೊಡ್ತೇನಿ. ಆರು ತಿಂಗಳು, ವರ್ಷ ಆಗಬಹುದು. ಮನ್ಯಾಗ ಸಣ್ಣ ಮಕ್ಕಳಿದ್ದಾರೇನು?”

“ಒಂದು ಹೆಣ್ಣ ಕೂಸು ಐತ್ರಿ” ಎಂದಳು ಶಾಂತಾ. “ತವರಮನ್ಯಾಗ ಬಿಟ್ಟೇನಿ.”

ಡಾಕ್ಟರು ಪೆನ್ನಿನ ಟೋಪಿ ತೆಗೆದರು. ಆ ಪೆನ್ನು ಕಾಗದ ಮುಟ್ಟುವ ಮುಂಚೆ, “ನಾ ಧಾರವಾಡಕ್ಕ ಹೋಗಿರಲಿಲ್ರಿ. ಸಮುದ್ರದಾಗ ಇಳದಿದ್ದೆ” ಎಂದೆ.

ಆಮೇಲಿನದನ್ನು ಡಾಕ್ಟರ ಮೇಜಿನ ಮೇಲಿದ್ದ ಮಸಿಯ ಕುಪ್ಪಿಗೆ ಹೇಳಿದೆ. ಸಿಲಿಂಡರು, ಏಳು ಮಾರು, ಮೀನು, ಹಿಡಿದ ಉಸಿರು. ಡಾಕ್ಟರು ಪೆನ್ನು ಮುಚ್ಚಿದರು. “ಕ್ಷಯದವ್ರಿಗೆ ಗುಣ ಆಗ್ಲಿ ಅಂತ ಹಿಂದಕ ನಾವ ಸೂಜಿ ಚುಚ್ಚಿ ಎದಿಯೊಳಗ ಗಾಳಿ ತುಂಬತಿದ್ವಿ. ನೀವು ರೋಗ ಇಲ್ಲದ ತುಂಬಿಸ್ಕೊಂಡ ಬಂದೀರಿ! ಮೊದಲ ದಿನಾನ ಹೇಳಿದ್ರ ಏನಾಗತಿತ್ತು?” ಎಂದು ಬೈದರು. ಅವರ ಬೈಗುಳ ನನಗೆ ಕೇಳಿಸುತ್ತಿರಲಿಲ್ಲ. ಪಕ್ಕದ ಕುರ್ಚಿಯಿಂದ ಶಾಂತಾ ಎದ್ದು ಹೊರಗೆ ಹೋದದ್ದು ಕೇಳಿಸಿತು.

ಅಂದು ಮಧ್ಯಾಹ್ನವೇ ಪಕ್ಕೆಲುಬುಗಳ ನಡುವೆ ತೂತು ಮಾಡಿ ರಬ್ಬರಿನ ನಳಿಗೆ ಹಾಕಿದರು. ಅದರ ಇನ್ನೊಂದು ತುದಿ ಮಂಚದ ಕೆಳಗೆ ನೀರು ತುಂಬಿದ ಗಾಜಿನ ಭರಣಿಯೊಳಗೆ. ನಾನು ಉಸಿರು ಬಿಟ್ಟಾಗಲೆಲ್ಲ ಎದೆಯ ಗಾಳಿ ನೀರಿನಲ್ಲಿ ಬುಳುಬುಳು ಎಂದು ಹೊರಬರುತ್ತಿತ್ತು. ಗುಳ್ಳೆ ನಿಂತರೆ ಪುಪ್ಪುಸ ಅರಳಿದ ಹಾಗೆ. ಆದರೆ ಕಫದಲ್ಲಿ ಕ್ಷಯದ ಹುಳವೂ ಇರಬಹುದು, ಮೂರು ದಿನ ಪರೀಕ್ಷೆ ಆಗಬೇಕು, ಅಲ್ಲಿಯವರೆಗೆ ಮಗಳು ಸವಣೂರಲ್ಲೇ ಇರಲಿ ಎಂದರು. ನಾನು ಮಂಚದ ಅಂಚಿಗೆ ಜೋತು ಬಿದ್ದು ಭರಣಿ ನೋಡುವುದು, ನರ್ಸಮ್ಮ ಬಂದು “ಬಗ್ಗಬ್ಯಾಡ್ರಿ, ನಳಿಗಿ ಕಿತ್ತೀತು” ಎಂದು ನೆಟ್ಟಗೆ ಮಲಗಿಸುವುದು, ಅವರು ತಿರುಗಿದೊಡನೆ ನಾನು ಮತ್ತೆ ಬಗ್ಗುವುದು. ಗುಳ್ಳೆ ಬಂದರೆ ಇನ್ನೂ ಗಾಳಿ ಇದೆಯಲ್ಲ ಎಂದು ಚಿಂತೆ. ಬರದಿದ್ದರೆ ನಳಿಗೆ ಕಟ್ಟಿತೇ ಎಂದು ಚಿಂತೆ.

ಶಾಂತಾ ಊರಿಗೆ ಹೋಗಿಬಿಟ್ಟಿರುತ್ತಾಳೆ ಎಂದುಕೊಂಡಿದ್ದೆ. ಹೋಗಿರಲಿಲ್ಲ. ಹೊತ್ತು ಹೊತ್ತಿಗೆ ಗಂಜಿ ಕುಡಿಸುತ್ತಿದ್ದಳು, ಮುಖ ಒರೆಸುತ್ತಿದ್ದಳು. ಮೂರನೆಯ ದಿನ ಬಾಯಿ ತೆರೆದಳು.

“ಮೂರು ವಾರದಿಂದ ದಿನಾ ಅತ್ತೇನಿ ನಾ. ನೀವು ಸಾಯ್ತೀರಿ ಅಂತ. ನಮ್ಮ ಅಕ್ಕನ ಹಂಗ ಕರಗಿ ಕರಗಿ ಸಾಯ್ತೀರಿ ಅಂತ. ನೀವು ಮಗ್ಗಲದಾಗ ಕುಂತು ನೋಡಾಕತ್ತಿದ್ರಿ.”

“ಆಣಿ ಮುರದಿದ್ದೆ, ಹೆಂಗ ಹೇಳ್ಲಿ?”

“ಆಣೀದು ಆಮ್ಯಾಲಿನ ಮಾತು. ನಾ ಅಳೂದು ನಿಮಗ ಕಾಣತಿತ್ತಲ್ಲ?”

ನನ್ನೊಳಗಿನ ವಕೀಲ ಆ ದಾವೆ ಸೋತ.

ಆಣೆಯ ವ್ಯವಹಾರವನ್ನು ಅವ್ವ ಕೈಗೆತ್ತಿಕೊಂಡಳು. ಸುದ್ದಿ ತಿಳಿದೊಡನೆ ಸವಣೂರಿಗೆ ಹೋಗಿ, ಮೊಮ್ಮಗಳಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ, ದೇವರ ಮುಂದೆ ಕಾಯಿ ಒಡೆಸಿ, ಅಲ್ಲಿಂದ ಒಂದು ಕಟ್ಟು ವೀಳ್ಯದೆಲೆ, ತಿನ್ನಲು ಒಂದು ಪೊಟ್ಟಣ ಸವಣೂರು ಖಾರ ಹಿಡಿದು ನೇರ ನನ್ನ ಮಂಚದ ಬಳಿ ಬಂದಳು. “ದೇವರಿಗೆ ತಿಳಿಸಿ ಹೇಳೇನಿ. ಆಣಿ ಮಾಡಿದ್ದು ಬಾವೀಗೆ, ಕಡಲಿಗಲ್ಲ ಅಂತ” ಎಂದಳು. ನನ್ನ ವಕೀಲಿ ಎಲ್ಲಿಂದ ಬಂದದ್ದೆಂದು ಅಂದು ತಿಳಿಯಿತು. ಶಾಂತಾ ಸೆರಗು ಬಾಯಿಗೆ ಹಿಡಿದು ಕಿಟಕಿಯ ಕಡೆ ತಿರುಗಿದಳು. ನಕ್ಕಳೋ ಅತ್ತಳೋ ಕಾಣಲಿಲ್ಲ.

ಐದನೆಯ ದಿನ ಗುಳ್ಳೆ ನಿಂತಿತು. ಮರುದಿನ ಕಫದ ವರದಿಯೂ ಬಂತು: ಮೂರೂ ಸಲ ಹುಳವಿಲ್ಲ. ಇಂಜೆಕ್ಷನ್ನು ನಿಲ್ಲಿಸಿದರು. ಆ ಸಂತೋಷದಲ್ಲಿ ನಾನು ಮಾಡಿದ ಮೊದಲ ಕೆಲಸ ಜಗಲಿಗೆ ನಡೆದು, ವರದಿಗೆಂದು ಮತ್ತೆ ಬಂದಿದ್ದ ಬಸವಂತಪ್ಪನವರಿಗೆ ಹೇಳಿದ್ದು. ಹೇಳಿದ ಮೇಲೆ ಅವರ ಕೈಯಲ್ಲಿದ್ದ ಕಾಗದ ಕಂಡಿತು. ಅವರ ವರದಿ ನನ್ನದರಂತಿರಲಿಲ್ಲ. “ಬಾಳ ಚಲೋ ಆತ್ರಿ ಮಾಸ್ತರ” ಎಂದು ಅವರು ಮನಸಾರೆ ನಕ್ಕು, ಬೆಂಚಿನ ತುದಿಗೆ ಸರಿದು ಕೂತರು. “ಇನ್ನ ನೀವು ನನ್ನ ಹತ್ರ ಬರಬ್ಯಾಡ್ರಿ. ಹುಷಾರಾದವ್ರು ದೂರ ಇರಬೇಕು.” ನಾನು ನಿಂತೇ ಇದ್ದೆ. ಹೋಗಲೂ ಆಗಲಿಲ್ಲ, ಕೂರಲು ಧೈರ್ಯವೂ ಬರಲಿಲ್ಲ. ಬೆನ್ನು ಸವರಿದ ಮನುಷ್ಯನ ಪಕ್ಕ ಅಂದು ಕೂರದೆ ಬಂದದ್ದು, ನೀರಿನೊಳಗೆ ಮಾಡಿದ ತಪ್ಪಿಗಿಂತ ಹೆಚ್ಚು ನನ್ನನ್ನು ಕಾಡುತ್ತದೆ. ಅವರು ಒಂದೂವರೆ ವರ್ಷ ಬಿಡದೆ ಔಷಧಿ ತೆಗೆದುಕೊಂಡು ಗುಣವಾದರು. ಈಗ ಎಮ್ಮೆಯ ಹಾಲನ್ನು ತಾವೇ ಹಿಂಡುತ್ತಾರಂತೆ. ಅಕ್ಕಿಆಲೂರಿನವರಿಗೆ ನಾನು ಹೇಳಬೇಕಾಗಿದ್ದದ್ದು ಇದು: ಕ್ಷಯವೇ ಆಗಿದ್ದರೂ ತಮ್ಮ ಬದುಕುತ್ತಾನೆ; ಡಾಕ್ಟರು ಕೇಳಿದ್ದಕ್ಕೆ ನಿಜ ಹೇಳಲಿ; ತಾಟು ಬೇರೆ ಮಾಡಿದರೂ ಬೆನ್ನ ಮೇಲೆ ಒಂದು ಕೈ ಇರಲಿ.

ಸರೋಜಾ ಮನೆಗೆ ಬಂದಳು. ನಾನು ಎರಡೂ ಕೈ ಚಾಚಿದೆ. ಅವಳು ಪಡಸಾಲೆಯ ಕಂಬದ ಹಿಂದೆ ನಿಂತಳು. “ಅಪ್ಪಗ ಆರಾಮಾಗೇತಿ, ಹೋಗು” ಎಂದು ಶಾಂತಾ ದೂಡಿದರೆ ಅವಳ ಸೀರೆಯಲ್ಲಿ ಮುಖ ಹುದುಗಿಸಿದಳು. ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದೆ. ಐದು ವರ್ಷದ ಮಗುವಿಗೆ ಎಕ್ಸ್‌ರೇ ತೋರಿಸುವ ತಂದೆ ನಾನೊಬ್ಬನೇ ಇರಬೇಕು. ಎಲುಬು ನೋಡಿ ಕಿರುಚಿ ಓಡಿದಳು.

ದಿನಗಳು ಹೋದವು. ಅವಳು ನನ್ನ ಪಕ್ಕದಿಂದ ಹಾಯುವಾಗ ಮೂಗು ಮುಚ್ಚಿಕೊಂಡು ಹಾಯುತ್ತಿದ್ದಳು. ಶಾಲೆಯಿಂದ ಬಂದು ಸುಮ್ಮನೆ ಪಡಸಾಲೆಯಲ್ಲಿ ಕೂರುವುದನ್ನು ರೂಢಿ ಮಾಡಿಕೊಂಡೆ. ಕರೆಯಲಿಲ್ಲ. ಕರೆಯದೆ ಕೂರುವುದು ನನ್ನಂಥವನಿಗೆ ನಳಿಗೆ ಹಾಕಿಸಿಕೊಂಡದ್ದಕ್ಕಿಂತ ಕಷ್ಟ. ಮೊದಲು ಕಂಬದ ಈಚೆ ಬಂದಳು. ಆಮೇಲೆ ಚಾಪೆಯ ಅಂಚಿಗೆ. ಒಂದು ಸಂಜೆ ಪಾಟಿಯ ಮೇಲೆ ಬರೆದ ಅಕ್ಷರ ನನಗೆ ಕಾಣುತ್ತಿಲ್ಲ ಎಂದು ಸಿಟ್ಟಿಗೆದ್ದು, ಹತ್ತಿರ ಹಿಡಿದು ತೋರಿಸಲು ಬಂದು, ಮರೆತು ತೊಡೆಯ ಮೇಲೆ ಕೂತುಬಿಟ್ಟಳು.

ಆಗಲೇ ನನಗೆ ಕೆಮ್ಮು ಬಂತು. ತಡೆಹಿಡಿಯಲು ನೋಡಿದೆ, ಆಗಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಜಪ ಮಾಡುತ್ತಿದ್ದ ಅವ್ವ ಕಣ್ಣು ತೆರೆದಳು. ಸರೋಜಾ ತಲೆಯೆತ್ತಿ ನನ್ನ ಬಾಯಿಯನ್ನು, ಕಣ್ಣನ್ನು, ಸೋರುತ್ತಿದ್ದ ಮೂಗನ್ನು ಡಾಕ್ಟರರಿಗಿಂತ ಹೆಚ್ಚು ಹೊತ್ತು ನೋಡಿದಳು. ನಾನು ಏಳು ಎಂದು ಹೇಳಬೇಕೋ ಬೇಡವೋ ತಿಳಿಯದೆ ಕೂತಿದ್ದೆ.

“ಅವ್ವಾ,” ಎಂದು ಅವಳು ಕೂತಲ್ಲಿಂದಲೇ ಕೂಗಿದಳು, “ಅಪ್ಪಗ ನೆಗಡಿ ಆಗೇತಿ.”

ಸ್ವಲ್ಪ ಹೊತ್ತಿನ ಮೇಲೆ ಒಳಗೆ ಮತ್ತೆ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ಸರೋಜಾ ಪಾಟಿಯನ್ನು ನನ್ನ ಎದೆಗೆ ಒರಗಿಸಿಕೊಂಡು ಮುಂದಿನ ಅಕ್ಷರ ತಿದ್ದತೊಡಗಿದಳು.